ನೂರಕ್ಕೆ ಎಷ್ಟು ನೂಲು

ನವೆಂಬರ್ 3, 2025, ಸೋಮವಾರ. ಚಿಕ್ಕಬಳ್ಳಾಪುರ

ಶುಕ್ರವಾರಕ್ಕೆ ನನ್ನ ಕೆಲಸ ಮುಗಿಯಿತು. ಹನ್ನೊಂದು ವರ್ಷ ನಾನು ನೋಡಿಕೊಂಡ ಶಾಲೆಯ ಗ್ರಂಥಾಲಯ ದಸರಾ ರಜೆಯಲ್ಲಿ ಕಂಪ್ಯೂಟರ್ ಕೋಣೆಯಾಗಿದೆ. ಆಡಳಿತಾಧಿಕಾರಿ ರಮೇಶ್‌ಬಾಬು ಒಂದು ಪತ್ರ ಕೊಟ್ಟಿದ್ದಾರೆ. ಗೌರಿಬಿದನೂರಿನ ಶಾಖೆಯಲ್ಲಿ ಸ್ವಾಗತದ ಮೇಜಿನ ಕೆಲಸ, ತಿಂಗಳಿಗೆ ₹13,500. ಒಪ್ಪಿಗೆಯೋ ಅಲ್ಲವೋ ಎಂಬುದನ್ನು ಡಿಸೆಂಬರ್ 1ರ ಸೋಮವಾರ ತಿಳಿಸಬೇಕು.

ನಡುವೆ ನಾಲ್ಕು ವಾರ ಇದೆ. ಆರು ವರ್ಷದ ಹಿಂದೆ ತೀರಿಕೊಂಡ ನನ್ನವರ ಸ್ಕೂಟರ್ ಇದೆ. ಈ ಊರಲ್ಲಿ ಮನೆಮನೆಗೆ ಊಟ ಮುಟ್ಟಿಸುವ ಕಂಪನಿಗಳು ಮೂರು; ಮೂರಕ್ಕೂ ಹೆಸರು ನೋಂದಾಯಿಸಿದೆ. ಚೀಲದ ಬಣ್ಣದಿಂದ ಅವನ್ನು ನೀಲಿ, ಹಸಿರು, ಬೂದು ಎಂದು ಬರೆದುಕೊಳ್ಳುತ್ತೇನೆ. ನೀಲಿ, ಹಸಿರು ದೊಡ್ಡವು. ಬೂದು ಚಿಂತಾಮಣಿಯವರು ಶುರುಮಾಡಿದ ಚಿಕ್ಕ ಕಂಪನಿ.

ಪ್ರತಿ ಆರ್ಡರನ್ನೂ ಇಲ್ಲಿ ಬರೆಯುವುದು: ಕಂಪನಿ, ದೂರ, ಸಿಕ್ಕ ಹಣ. ಕೊನೆಯಲ್ಲಿ ಮೂರನ್ನೂ ಹೋಲಿಸುವುದು. ಸ್ಕೂಟರಿನಿಂದ ನಾವಿಬ್ಬರು ಬದುಕಬಹುದೋ, ಇಲ್ಲ ಗೌರಿಬಿದನೂರಿಗೆ ಹೋಗಬೇಕೋ ಎಂದು ಆಗ ತಿಳಿಯುತ್ತದೆ.

ನಾನು ಗೆರೆ ಎಳೆಯುವುದನ್ನು ಮಗಳು ಮೇಧಾ ನೋಡುತ್ತಿದ್ದಳು. ಎರಡನೇ ಪಿಯುಸಿ.

"ಅಮ್ಮ, ಇದು ಕೆಲಸಾನಾ, ಪ್ರಾಜೆಕ್ಟ್ ವರ್ಕಾ?"

"ಎರಡೂ."

"ಹಂಗಾದ್ರೆ ಕವರ್ ಪೇಜ್ ನಾನು ಹಾಕ್ಕೊಡ್ತೀನಿ ಬಿಡು."

ನವೆಂಬರ್ 4, ಮಂಗಳವಾರ

ಹನ್ನೊಂದು ಆರ್ಡರ್. ನೀಲಿ 5, ಹಸಿರು 4, ಬೂದು 2. ಒಟ್ಟು ₹304.

ಹೆಲ್ಮೆಟ್ಟಿನ ಗಾಜನ್ನು ದಿನವಿಡೀ ಇಳಿಸಿಯೇ ಇದ್ದೆ. ಬಾಗಿಲು ತೆರೆಯುವವರು ಪೊಟ್ಟಣವನ್ನು ನೋಡುತ್ತಾರೆ, ಆಮೇಲೆ ಫೋನನ್ನು ನೋಡುತ್ತಾರೆ. ಕೊಟ್ಟವರ ಮುಖ ಯಾರಿಗೂ ಬೇಕಾಗಿಲ್ಲ. ಇದು ಅನುಕೂಲವೇ.

ಚೀಲದ ಪಕ್ಕದ ಜೇಬಿನಲ್ಲಿ ಒಂದು ಕಾದಂಬರಿ ಇಟ್ಟುಕೊಂಡಿದ್ದೇನೆ. ಮಲಯಾಳದಿಂದ ಕನ್ನಡಕ್ಕೆ ಬಂದದ್ದು, ದೋಣಿ ನಡೆಸುವ ಒಬ್ಬ ಹೆಂಗಸಿನ ಕಥೆ. ಆರ್ಡರುಗಳ ನಡುವೆ ಒಂಬತ್ತು ಪುಟ ಓದಿದೆ. ಅನುವಾದಕರ ಮಾತನ್ನು ನಿನ್ನೆಯೇ ಓದಿ ಮುಗಿಸಿದ್ದೆ.

ನವೆಂಬರ್ 6, ಗುರುವಾರ

ಪ್ರಶಾಂತನಗರ, ಎರಡನೇ ಮಹಡಿ, ಎರಡು ಪನೀರ್ ರೋಲ್. ಬಾಗಿಲು ತೆರೆದದ್ದು ಅಚ್ಯುತ್. ಹತ್ತನೇ ತರಗತಿ. ಮಧ್ಯಾಹ್ನದ ಬಿಡುವಿನಲ್ಲಿ ಆಟಕ್ಕೆ ಹೋಗದೆ ಗ್ರಂಥಾಲಯಕ್ಕೆ ಬಂದು, ಕೆಳಗಿನ ಸಾಲಿನ ಪುಸ್ತಕಗಳನ್ನು ನೆಲದ ಮೇಲೆ ಕುಳಿತು ಓದುತ್ತಿದ್ದ ಹುಡುಗ.

ಅವನು ಪೊಟ್ಟಣವನ್ನು ನೋಡಲಿಲ್ಲ. "ಮಿಸ್? ನೀವಾ?" ಎಂದ.

"ಅಲ್ಲಪ್ಪ," ಎಂದೆ, ಗಾಜಿನೊಳಗಿಂದ.

ದನಿ ಬದಲಿಸಲು ನನಗೆ ಬರುವುದಿಲ್ಲ ಎಂಬುದು ಮೆಟ್ಟಿಲಿಳಿಯುವಾಗ ಹೊಳೆಯಿತು.

ನವೆಂಬರ್ 8, ಶನಿವಾರ

ನೀಲಿ 6, ಹಸಿರು 5, ಬೂದು 5. ₹431. ಬೆನ್ನು ನೋವು. ಬೇರೇನಿಲ್ಲ.

ನವೆಂಬರ್ 11, ಮಂಗಳವಾರ

ಶಿಡ್ಲಘಟ್ಟ ವೃತ್ತದ ಬಳಿ ಮುಚ್ಚಿದ ಬಟ್ಟೆಯಂಗಡಿಯೊಂದರ ಜಗಲಿ ಇದೆ. ಮಧ್ಯಾಹ್ನ ಮೂರರಿಂದ ಐದರವರೆಗೆ ಆರ್ಡರ್ ಕಡಿಮೆ; ರೈಡರುಗಳು ಅಲ್ಲಿ ಕೂರುತ್ತಾರೆ. ನಾನು ಕೊನೆಯ ಕಂಬದ ಪಕ್ಕ ಕುಳಿತು ಓದುತ್ತೇನೆ.

ಇವತ್ತು ಅವರಲ್ಲೇ ಹಿರಿಯರೊಬ್ಬರು ಬಂದು ಫೋನ್ ಮುಂದೆ ಹಿಡಿದರು. ಬಿಳಿ ಗಡ್ಡ, ಹಳೆಯ ಮೊಪೆಡ್, ಅದಕ್ಕೆ ಮೂರೂ ಬಣ್ಣದ ಚೀಲಗಳು.

"ಮೇಡಂ, ಓದೋರು ಅಂತ ಕಾಣ್ತೀರ. ಇದು ಏನು ಬರ್ದವ್ರೆ ಸ್ವಲ್ಪ ಹೇಳ್ತೀರಾ? ನಂಗೆ ಉರ್ದು ಒಂದೇ ಬರೋದು. ನಂಬರ್ ಬರುತ್ತೆ, ದಾರಿ ಬರುತ್ತೆ, ಇದು ಬರಲ್ಲ."

"ಬೆಲ್ ಒತ್ತಬೇಡಿ, ಮಗು ಮಲಗಿದೆ ಅಂತ ಬರ್ದಿದಾರೆ."

ಅವರು ಹಣೆ ಬಡಿದುಕೊಂಡರು. "ಯಾ ಅಲ್ಲಾ! ಮೂರು ದಿನದಿಂದ ಅದೇ ಮನೆ ಮೇಡಂ. ಮೂರು ದಿನಾನೂ ಬೆಲ್ ಒತ್ತಿದೀನಿ. ನಿನ್ನೆ ಆ ತಾಯಿ ನನ್ನ ನೋಡಿದ ನೋಟ ಇದೆಯಲ್ಲ, ಬಿರಿಯಾನಿ ಅಲ್ಲೇ ತಣ್ಣಗಾಗೋಯ್ತು."

ಹೆಸರು ಖಲೀಮುಲ್ಲಾ. ಶಿಡ್ಲಘಟ್ಟದವರು. ನಲವತ್ತು ವರ್ಷ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಕೆಲಸ ಮಾಡಿದವರು. ಗೂಡು ಬೇಯುವ ಬೇಸಿನ್ನಿನ ಹಬೆಗೆ ಉಸಿರಾಟ ಕೆಟ್ಟು, ಡಾಕ್ಟರು ಬಿಡಿ ಎಂದ ಮೇಲೆ ಎರಡು ವರ್ಷದಿಂದ ಈ ಕೆಲಸ.

ಆರ್ಡರ್ ಒಪ್ಪಿಕೊಳ್ಳಲು ಅವರು ಬೆರಳು ಮಡಚಿ ಗೆಣ್ಣಿನಿಂದ ಪರದೆಯನ್ನು ಒತ್ತಿದರು. ನಾನು ನೋಡಿದ್ದನ್ನು ನೋಡಿದರು.

"ಬೆರಳ ತುದಿ ಫೋನಿಗೆ ಗೊತ್ತಾಗಲ್ಲ ಮೇಡಂ. ಕುದಿಯೋ ನೀರಲ್ಲಿ ಬೆಂದು ಬೆಂದು ಚರ್ಮ ಸತ್ತೋಗದೆ. ರೇಷನ್ ಅಂಗ್ಡೀಲೂ ಅಷ್ಟೆ, ಮಿಶಿನ್ನು ನೀನು ಖಲೀಮುಲ್ಲಾನೇ ಅಲ್ಲ ಅಂತದೆ."

ತುದಿಗಳು ನುಣುಪಾಗಿ, ಬಿಳಿಯಾಗಿ, ಬಹಳ ದಿನ ನೀರಿನಲ್ಲಿದ್ದ ಕಲ್ಲುಗಳ ಹಾಗೆ ಇದ್ದವು. ಅವುಗಳಲ್ಲಿ ಗೆರೆಗಳೇ ಇರಲಿಲ್ಲ.

ಹದಿನಾರು ಆರ್ಡರ್, ₹442.

ನವೆಂಬರ್ 13, ಗುರುವಾರ

ಹತ್ತು ದಿನದ ಸರಾಸರಿ ತೆಗೆದೆ. ಒಂದು ಆರ್ಡರಿಗೆ ನೀಲಿ ₹31, ಹಸಿರು ₹27, ಬೂದು ₹22. ನೀಲಿಯವರು ದೂರದ ಊರುಗಳಿಗೂ ಕಳಿಸುತ್ತಾರೆ, ಅದಕ್ಕೇ ಹೆಚ್ಚು. ಬೂದಿನವರು ಊರೊಳಗೆ ಮಾತ್ರ, ಎಲ್ಲಿಗೆ ಹೋದರೂ ಇಪ್ಪತ್ತೆರಡು.

ತೀರ್ಮಾನ: ಇನ್ನು ಮುಂದೆ ನೀಲಿಯನ್ನೇ ಹೆಚ್ಚು ಮಾಡುವುದು.

ಇವತ್ತು ಅಂಥದೇ ಒಂದು ದೂರದ ಆರ್ಡರ್, ₹64. ನಂದಿಯ ದಾರಿಯಿಂದ ಒಳಗೆ ತಿರುಗಿ, ದ್ರಾಕ್ಷಿ ತೋಟ ದಾಟಿ, ಗುಲಾಬಿ ಬೆಳೆಯುವ ಪಾಲಿಹೌಸ್. ಕರೆದರೂ ಯಾರೂ ಬರಲಿಲ್ಲ. ಪ್ಲಾಸ್ಟಿಕ್ ಪರದೆ ಸರಿಸಿ ಒಳಗೆ ಹೋದೆ. ಹೊರಗೆ ಬಿಸಿಲು, ಒಳಗೆ ಹಾಲಿನಂಥ ಬೆಳಕು. ಎದೆಯ ಎತ್ತರಕ್ಕೆ ಗಿಡಗಳ ಸಾಲು, ಕಣ್ಣು ಮುಟ್ಟುವವರೆಗೆ. ಒಂದೊಂದು ಮೊಗ್ಗಿಗೂ ಬಿಳಿ ಬಲೆಯ ಒಂದೊಂದು ಟೊಪ್ಪಿಗೆ ತೊಡಿಸಿದ್ದಾರೆ. ಒಂದನ್ನೂ ಬಿಟ್ಟಿಲ್ಲ. ಸಾವಿರಾರು ಮೊಗ್ಗುಗಳು ಟೊಪ್ಪಿಗೆ ಹಾಕಿಕೊಂಡು ಸದ್ದಿಲ್ಲದೆ ನಿಂತಿದ್ದವು. ಯಾರೋ ಒಬ್ಬರು ದಿನವಿಡೀ ಒಂದೊಂದಾಗಿ ತೊಡಿಸಿರಬೇಕು.

ಸಾಲಿನ ಕೊನೆಯಿಂದ ಒಬ್ಬ ಹೆಂಗಸು ಕತ್ತರಿ ಹಿಡಿದು ಬಂದಳು. "ಯಾಕಕ್ಕ ಹಂಗೆ ನಿಂತ್ಬಿಟ್ರಿ, ಹಾವು ಗೀವು ಬಂತಾ?"

ಇಲ್ಲ ಎಂದೆ. ಎಷ್ಟು ಹೊತ್ತು ನಿಂತಿದ್ದೆನೋ ಬರೆದುಕೊಂಡಿಲ್ಲ.

ನವೆಂಬರ್ 16, ಭಾನುವಾರ

ಗೌರಿಬಿದನೂರಿಗೆ ಹೋಗಿ ಬಂದೆ. ನೋಡದೆ ಒಪ್ಪುವುದು ಸರಿಯಲ್ಲ. ಭಾನುವಾರವಾದರೂ ರಮೇಶ್‌ಬಾಬು ಅಲ್ಲೇ ಇದ್ದರು, ಮರ್ಯಾದೆಯಾಗಿಯೇ ಮಾತನಾಡಿದರು.

ಸ್ವಾಗತದ ಮೇಜಿನ ಹಿಂದೆ ಗಾಜಿನ ಬೀರು. ಅದರೊಳಗೆ ನನ್ನ ಪುಸ್ತಕಗಳು. ನನ್ನವಲ್ಲ, ಶಾಲೆಯವು, ಆದರೆ ಬೆನ್ನಿನ ಮೇಲಿನ ಚೀಟಿಗಳಲ್ಲಿ ನನ್ನ ಅಕ್ಷರ. ಬಂಗಾಳಿಯಿಂದ, ತಮಿಳಿನಿಂದ, ರಷ್ಯನ್ನಿನಿಂದ ಕನ್ನಡಕ್ಕೆ ಬಂದ ಸಾಲುಗಳು. ಸುಮಾರು ನಾನೂರು. ಲಾರಿಯಲ್ಲಿ ಎಲ್ಲಿಗೆ ಹೋದವೋ ಎಂದು ದಸರಾದಿಂದ ಯೋಚಿಸುತ್ತಿದ್ದೆ.

ಎರಡು ಸಂಪುಟದ ಒಂದು ಕಾದಂಬರಿಯಲ್ಲಿ ಎರಡನೆಯದು ಮೊದಲನೆಯದರ ಎಡಕ್ಕಿತ್ತು. ಸರಿಮಾಡೋಣ ಎಂದು ಕೈ ಹಾಕಿದರೆ ಬೀಗ.

"ಕೀ ಯಾರ ಹತ್ರ ಇದೆ ಸರ್?"

"ಇರುತ್ತೆ ಮೇಡಂ, ಆಫೀಸಲ್ಲಿ ಎಲ್ಲೋ. ಅದು ಓದೋಕಲ್ಲ, ಪೇರೆಂಟ್ಸ್ ಬಂದಾಗ ಕಾಣ್ಲಿ ಅಂತ. ಲುಕ್ ಚೆನ್ನಾಗಿದೆ ಅಲ್ವಾ? ನೀವಿಲ್ಲಿ ಕೂತ್ರೆ ನಿಮ್ಮ ಬೆನ್ನ ಹಿಂದೇನೇ ಇರುತ್ತೆ, ನಿಮಗೂ ಖುಷಿ."

ನಿಜ, ಬೆನ್ನ ಹಿಂದೆ ಇರುತ್ತದೆ. ₹13,500 ಪ್ರತಿ ತಿಂಗಳ ಐದನೇ ತಾರೀಖಿಗೆ ಬರುತ್ತದೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಎಲ್ಲ ಸರಿಯಾಗಿದೆ.

ನವೆಂಬರ್ 18, ಮಂಗಳವಾರ

ನಾಲ್ಕು ದಿನದಿಂದ ಬರಿಯ ನೀಲಿ. ಆರ್ಡರಿಗೆ ಬರುವುದು ಹೆಚ್ಚಿದೆ, ಕೈಯಲ್ಲಿ ಉಳಿಯುವುದು ಕಡಿಮೆಯಾಗಿದೆ. ಎರಡು ಸಲ ಕೂಡಿದೆ, ತಪ್ಪಿಲ್ಲ. ಪೆಟ್ರೋಲ್ ಬಂಕಿನವನು, "ಏನಕ್ಕ, ದಿನಾ ಬೆಂಗ್ಳೂರಿಗೆ ಹೋಗ್ಬರ್ತೀರಾ?" ಎಂದ.

ನವೆಂಬರ್ 19, ಬುಧವಾರ

ಜಗಲಿಯ ಮೇಲೆ ಲೆಕ್ಕ ಬಿಚ್ಚಿ ಕೂತಿದ್ದೆ. ಖಲೀಮ್ ಭಾಯ್ ಬಂದು ಪಕ್ಕದ ಕಂಬಕ್ಕೆ ಒರಗಿದರು.

"ಏನು ಮೇಡಂ, ಪುಸ್ತಕ ಬಿಟ್ಟು ಪಂಚಾಂಗ ಹಿಡ್ದಿದೀರ?"

ಹೇಳಿದೆ. ಡಿಸೆಂಬರ್ ಒಂದರ ವಿಷಯವನ್ನೂ ಹೇಳಿದೆ, ಹೇಳಬೇಕೆಂದು ಇರಲಿಲ್ಲ. ಮೂರು ಕಂಪನಿಗಳ ಮೊತ್ತ ಓದತೊಡಗಿದೆ. ಅವರು ಕೈ ಅಡ್ಡ ಹಿಡಿದರು.

"ಮೊತ್ತ ಬೇಡ. ಗೂಡಿನ ಮಾರ್ಕೆಟ್ಟಲ್ಲಿ ರೈತ ಒಂದು ಗುಡ್ಡೆ ಸುರೀತಾನೆ, ಐವತ್ತು ಕೆ.ಜಿ. ಇರ್ಲಿ, ನೂರಿರ್ಲಿ. ನಾವು ಗುಡ್ಡೆ ಎಲ್ಲಾ ನೋಡ್ತೀವಾ? ಮಧ್ಯಕ್ಕೆ ಕೈ ಹಾಕಿ ಒಂದು ಹಿಡಿ ತೆಗೀತೀವಿ. ಅಷ್ಟೇ. ಈ ಗುಡ್ಡೇಲಿ ಒಂದು ಕೆ.ಜಿ. ನೂಲಿಗೆ ಎಷ್ಟು ಕೆ.ಜಿ. ಗೂಡು ಬೇಕು ಅಂತ ಆ ಹಿಡೀನೇ ಹೇಳ್ಬೇಕು. ಅರ್ಧ ಕೆ.ಜಿ. ತಪ್ಪಿದ್ರೆ ಆವತ್ತು ಮನೇಲಿ ಒಲೆ ಹಚ್ಚಂಗಿಲ್ಲ. ನಿಮ್ದೂ ಒಂದು ಹಿಡಿ ತೆಗೀರಿ. ಪುಸ್ತಕ ಎಲ್ಲಿ ತೆಗೆದ್ರೆ ಅಲ್ಲಿಂದ ಹತ್ತು ನೀಲಿ ಓದಿ."

ಓದಿದೆ: ಹೋಟೆಲು, ಮನೆ, ಹಣ. ಅವರು ಕಣ್ಣು ಮುಚ್ಚಿದ್ದರು. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: "ಆಮೇಲೆ ಎಲ್ಲಿಗೆ ಬಂದ್ರಿ?"

ಆಮೇಲೆ ಎಲ್ಲಿಗೆ ಬಂದೆ ಎಂಬುದು ನನ್ನ ಪುಸ್ತಕದಲ್ಲಿ ಇಲ್ಲ. ಹೋಟೆಲಿನಿಂದ ಮನೆಯವರೆಗಿನ ದೂರವನ್ನು ಕಂಪನಿ ತೋರಿಸುತ್ತದೆ, ಅದನ್ನೇ ನಾನು ಬರೆಯುತ್ತಿದ್ದೆ. ಹೋಟೆಲಿಗೆ ಹೋಗುವ ದಾರಿ, ಮನೆಯಿಂದ ಬರಿಗೈಯಲ್ಲಿ ಮರಳುವ ದಾರಿ, ಎರಡಕ್ಕೂ ಕಾಲಂ ಎಳೆದಿರಲಿಲ್ಲ. ಸಾಲುಗಳನ್ನು ಹದಿನಾರು ದಿನ ಇಷ್ಟು ಒಪ್ಪವಾಗಿ ತುಂಬಿಸಿದ್ದೇನೆ.

ಖಲೀಮ್ ಭಾಯ್ ನಗಲಿಲ್ಲ. "ಗೂಡನ್ನ ಹುಳ ಸಮೇತ ತೂಗಿ ಕೊಳ್ತೀವಿ ಮೇಡಂ. ದುಡ್ಡು ಕೊಡೋದು ಹುಳದ ತೂಕಕ್ಕೂ ಸೇರಿಸಿ. ಹೊಸಬರು ಮರೀತಾರೆ. ಓದಿ, ಹಸಿರು."

ಹಸಿರು ಹತ್ತು ಓದಿದೆ. ಬೂದು ಹತ್ತು ಓದಿದೆ. ಬೂದಿಗೆ ಬಂದಾಗ ಬೇಕಾದ್ದಕ್ಕಿಂತ ಹೆಚ್ಚು ಮಾತನಾಡಿದೆನೆಂದು ಕಾಣುತ್ತದೆ. ಗಂಗಮ್ಮನ ಗುಡಿ ರಸ್ತೆಯಲ್ಲಿ ಇಡ್ಲಿ ತರಿಸಿ ಅದನ್ನು ಪುಡಿಮಾಡಿ ಉಪ್ಪಿಟ್ಟು ಮಾಡಿಕೊಳ್ಳುವ ಮುದುಕರ ವಿಷಯ, ಕಂದವಾರದಲ್ಲಿ ಮೊದಲನೇ ಮಹಡಿಯಿಂದ ಬುಟ್ಟಿ ಇಳಿಬಿಟ್ಟು, ಪೊಟ್ಟಣ ಮೇಲೇರಿದ ಮೇಲೆ ಅದೇ ಬುಟ್ಟಿಯಲ್ಲಿ ನನಗೊಂದು ಸೀಬೆಹಣ್ಣು ಕಳಿಸುವ ಹೆಂಗಸಿನ ವಿಷಯ. ಅರ್ಧ ಗಂಟೆಯಾಯಿತು. ಅವರು ತಡೆಯಲಿಲ್ಲ.

ಕೊನೆಗೆ ಕಣ್ಣು ಬಿಟ್ಟು, ಬೆರಳುಗಳನ್ನು ಒಂದಕ್ಕೊಂದು ಉಜ್ಜಿದರು, ಕೈಯಲ್ಲಿ ಏನೋ ಇದ್ದ ಹಾಗೆ.

"ನೂರು ರೂಪಾಯಿಗೆ ಎಷ್ಟು ನೂಲು, ಹೇಳ್ತೀನಿ ಬರ್ಕೊಳ್ಳಿ. ನೀಲಿ ನಲವತ್ತು ಮುಟ್ಟಲ್ಲ. ಹಸಿರು ಅರ್ಧ, ಇಲ್ಲಾ ಅರ್ಧಕ್ಕಿಂತ ಒಂದೆರಡು ಮೇಲೆ. ಬೂದು ಎಪ್ಪತ್ತು."

ನವೆಂಬರ್ 21, ಶುಕ್ರವಾರ

ಎರಡು ಮಧ್ಯಾಹ್ನ ಬೇಕಾಯಿತು. ಇನ್ನೂರ ನಲವತ್ತೊಂದು ಆರ್ಡರುಗಳ ಹೋಗುವ ದಾರಿ, ಬರುವ ದಾರಿ ಎಲ್ಲವನ್ನೂ ಫೋನಿನ ನಕ್ಷೆಯಲ್ಲಿ ಅಳೆದು ಕೂಡಿಸಿದೆ. ಪೆಟ್ರೋಲು, ಆಯಿಲ್, ಟೈರಿನ ಸವಕಳಿ ಸೇರಿ ಕಿಲೋಮೀಟರಿಗೆ ಎರಡು ರೂಪಾಯಿ ಮೂವತ್ತು ಪೈಸೆ ಕಳೆದೆ.

ನೂರು ರೂಪಾಯಿಗೆ ಉಳಿಯುವುದು:

ನೀಲಿ 38.
ಹಸಿರು 52.
ಬೂದು 70.

ಮತ್ತೆ ಮಾಡಿದೆ. ಅದೇ ಬಂತು.

ಕನ್ನಡ ಓದಲು ಬಾರದ ಒಬ್ಬ ಮನುಷ್ಯ, ಕಣ್ಣು ಮುಚ್ಚಿಕೊಂಡು, ಮೂವತ್ತು ಊರುಕೇರಿಗಳ ಹೆಸರು ಕೇಳಿ ಇದನ್ನು ಹೇಳಿದರು. ಮೇಧಾಳಿಗೆ ತೋರಿಸಿದೆ. ಅವಳು ಕ್ಯಾಲ್ಕುಲೇಟರಿನಲ್ಲಿ ತಾನೂ ಒಮ್ಮೆ ಮಾಡಿ, "ಅಮ್ಮಾ, ಆ ತಾತನ್ನ ನಮ್ಮ ಸ್ಟಾಟ್ಸ್ ಲೆಕ್ಚರರ್‌ಗೆ ತೋರಿಸ್ಬೇಕು ಕಣೇ," ಎಂದಳು.

ಜಗಲಿಗೆ ಹೋಗಿ ಅವರಿಗೆ ಹೇಳಿದೆ. ಅವರಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. "ಹಸಿರಿಂದು ಎರಡು ಹೆಚ್ಚೇ ಬಂತಾ? ಹಂ," ಎಂದು ತಲೆಯಾಡಿಸಿದರು. ಆಮೇಲೆ, "ಭಾನುವಾರ ಮನೆಗೆ ಬನ್ನಿ, ಮಗೂನ್ನೂ ಕರ್ಕೊಂಡು. ಕೈ ಇಲ್ಲಿ ಸುಮ್ನೆ ಫೋನ್ ಕುಟ್ತದೆ. ಅದರ ಕೆಲಸ ಅಲ್ಲಿ ನೋಡಿ," ಎಂದರು.

ನವೆಂಬರ್ 23, ಭಾನುವಾರ

ಶಿಡ್ಲಘಟ್ಟ. ಬಸ್ಸಿನಲ್ಲಿ ಹೋದೆವು. ಖಲೀಮ್ ಭಾಯ್ ಅವರ ಹೆಂಡತಿ ವಜೀರುನ್ನೀಸಾ ಬಾಗಿಲಲ್ಲೇ ಕಾದಿದ್ದರು. "ನೀವೇನಾ ಓದೋ ಮೇಡಂ? ಇವ್ರು ಈಗ ಮನೇಲೂ ಬೆಲ್ ಒತ್ತಲ್ಲ, ಮಗು ಮಲಗದೆ ಅಂತಾರೆ. ಮಗುಗೆ ಮೂವತ್ತು ವರ್ಷ!"

ಹಿಂದಿನ ಬೀದಿಯಲ್ಲಿ ಅವರ ತಮ್ಮನ ಫಿಲೇಚರ್. ನೂಲು ಬಿಚ್ಚುವ ಶೆಡ್ಡಿಗೆ ಅಲ್ಲಿ ಹಾಗೆ ಹೇಳುತ್ತಾರೆ. ಬೆಂದ ಹುಳದ ವಾಸನೆ ಬಾಗಿಲಲ್ಲೇ ಎದುರಾಗುತ್ತದೆ. ಮೇಧಾ ದುಪಟ್ಟಾ ಮೂಗಿಗೆ ಹಿಡಿದಳು, ಐದು ನಿಮಿಷದಲ್ಲಿ ಮರೆತಳು. ಬೇಸಿನ್ನುಗಳಲ್ಲಿ ಬಿಸಿನೀರು, ನೀರಿನಲ್ಲಿ ತೇಲುವ ಗೂಡುಗಳು, ಹಬೆಯೊಳಗೆ ಕುಳಿತ ಹೆಂಗಸರು.

ಖಲೀಮ್ ಭಾಯ್ ಒಳಗೆ ಬರಬಾರದು, ಡಾಕ್ಟರು ಹೇಳಿದ್ದಾರೆ. ತಮ್ಮ ಬೈದರು. ಅವರು ಕರವಸ್ತ್ರವನ್ನು ಮೂಗಿಗೆ ಕಟ್ಟಿಕೊಂಡು, "ಎರಡೇ ನಿಮಿಷ ಕಣೋ," ಎಂದು ಒಂದು ಬೇಸಿನ್ನಿನ ಮುಂದೆ ಕುಳಿತರು.

ಕೈಯನ್ನು ನೀರಿಗೆ ಹಾಕಿದರು. ಆ ನೀರಿನ ಹತ್ತಿರ ನನಗೆ ಕೈ ಹಿಡಿಯಲಾಗುತ್ತಿರಲಿಲ್ಲ. ಗೂಡುಗಳ ಮೇಲೆ ಬೆರಳ ತುದಿ ಸುಮ್ಮನೆ ಸವರಿತು, ಮೇಲೆದ್ದಿತು. ಬೆರಳುಗಳ ನಡುವೆ ಏನೂ ಇರಲಿಲ್ಲ. ಅವರು ಕೈಯನ್ನು ಸ್ವಲ್ಪ ಓರೆ ಮಾಡಿದರು. ಮಾಡಿನ ಗಾಜಿನ ಹೆಂಚಿನಿಂದ ಬಿದ್ದ ಬಿಸಿಲಿನಲ್ಲಿ ಒಂದು ಗೆರೆ ಹೊಳೆಯಿತು, ಮರೆಯಾಯಿತು, ಮತ್ತೆ ಹೊಳೆಯಿತು. ಕೆಳಗೆ ನೀರಿನಲ್ಲಿ ಒಂದೇ ಒಂದು ಗೂಡು ತಿರುಗಲು ಶುರುವಾಗಿತ್ತು.

ಫೋನು ಗುರುತಿಸದ ಬೆರಳು. ಅದು ಇದನ್ನು ಹುಡುಕಿತು.

"ಇದು ಒಂದು ಗೂಡಿನ ಎಳೆ. ತುಂಡಾಗ್ದಂಗೆ ಎಳೆದ್ರೆ ಎಷ್ಟು ಉದ್ದ ಬರುತ್ತೆ, ಹೇಳಮ್ಮ ನೋಡಣ," ಎಂದು ಮೇಧಾಳನ್ನು ಕೇಳಿದರು.

"ಹತ್ತು ಮೀಟರ್? ಬೇಡ ಬೇಡ, ಐವತ್ತು."

"ಒಂದು ಕಿಲೋಮೀಟರ್ ಹತ್ತತ್ರ."

ಮೇಧಾ ನನ್ನ ಕಡೆ ನೋಡಿದಳು. ಇಪ್ಪತ್ತು ದಿನದಿಂದ ನಾನು ಕಿಲೋಮೀಟರುಗಳನ್ನೇ ಬರೆಯುತ್ತಿದ್ದೇನೆ. ಬಿ.ಬಿ. ರಸ್ತೆಯ ಹೋಟೆಲಿನಿಂದ ಗಂಗಮ್ಮನ ಗುಡಿ ರಸ್ತೆಯ ಮುದುಕರ ಮನೆಗೆ 0.9. ಸಿಗ್ನಲ್ಲು, ಹೂವಿನವರು, ಎರಡು ತಿರುವು, ನಾಯಿ, ಅಷ್ಟೂ ದಾರಿ. ಅಷ್ಟನ್ನೂ ಒಂದು ಹುಳ ತನ್ನ ಬಾಯಿಂದ ತೆಗೆದು, ತಲೆಯನ್ನು ಅತ್ತಿತ್ತ ತಿರುಗಿಸುತ್ತ ಮೂರು ದಿನ ಸುತ್ತಿ, ಮೂರು ಬೆರಳಿನಲ್ಲಿ ಹಿಡಿಯುವಷ್ಟು ಮಾಡಿಟ್ಟಿದೆ. ಎಲ್ಲೂ ಗಂಟಿಲ್ಲ.

ಹೊರಗೆ ಬಂದು ಕೆಮ್ಮಿ ಮುಗಿಸಿದ ಮೇಲೆ ಖಲೀಮ್ ಭಾಯ್ ಮೇಧಾಳ ಕೈಗೆ ಎರಡು ಒಣ ಗೂಡು ಕೊಟ್ಟರು. "ಕಿವಿ ಹತ್ರ ಅಲ್ಲಾಡ್ಸು. ಒಂದು ಮಾತಾಡ್ತದೆ, ಒಂದು ಇಲ್ಲ, ಹೌದಾ? ಮಾತಾಡೋದು ಒಳ್ಳೇದು. ಸದ್ದಿಲ್ದೆ ಇರೋದ್ರಲ್ಲಿ ಹುಳ ಒಳಗೇ ಕೊಳೆತು ಅಂಟ್ಕೊಂಡದೆ. ಹೊರಗಿಂದ ನೋಡಿದ್ರೆ ಎರಡೂ ಒಂದೇ. ಹಿಡೀಲಿ ತೂಕ ನೋಡಿದ್ಮೇಲೆ ಇದನ್ನೂ ನೋಡ್ಬೇಕು."

"ಹುಳಗಳನ್ನ ಆಮೇಲೆ ಬಿಸಾಕ್ತೀರಾ ತಾತ?"

"ಬಿಸಾಕೋದಾ! ಅದನ್ನೂ ಕೆ.ಜಿ. ಲೆಕ್ಕದಲ್ಲಿ ಕೊಳ್ತಾರೆ. ಎಣ್ಣೆ ತೆಗೀತಾರೆ, ಮೀನಿಗೆ ಹಾಕ್ತಾರೆ. ಗೂಡಲ್ಲಿ ಬಿಸಾಕೋದು ಅಂತ ಏನೂ ಇಲ್ಲಮ್ಮ."

ಬಸ್ಸಿನಲ್ಲಿ ಬರುತ್ತ ಮೇಧಾ ದಾರಿಯುದ್ದಕ್ಕೂ ಎರಡು ಗೂಡುಗಳನ್ನು ಕಿವಿಯ ಹತ್ತಿರ ಆಡಿಸುತ್ತಿದ್ದಳು.

ಇವತ್ತಿನ ದುಡಿಮೆ: ಇಲ್ಲ. ಬರೆಯಲು ಮರೆತಿದ್ದೆ.

ನವೆಂಬರ್ 24, ಸೋಮವಾರ

ನೀಲಿಯನ್ನು ನಿಲ್ಲಿಸಿದೆ. ಈ ವಾರ ಬೂದು ಮತ್ತು ಹಸಿರು ಮಾತ್ರ, ಶನಿವಾರದವರೆಗೆ. ಇದು ಸರಿಯಾದ ಪರೀಕ್ಷೆ.

ವಾಪಸಂದ್ರದ ಒಂದು ಮನೆ ಸಿಗಲಿಲ್ಲ. ಬೂದು ಕಂಪನಿಯ ಸಹಾಯದ ನಂಬರಿಗೆ ಫೋನ್ ಮಾಡಿದೆ. ನೀಲಿಯಲ್ಲಾದರೆ ಯಂತ್ರ ಉತ್ತರಿಸುತ್ತದೆ. ಇಲ್ಲಿ ಎತ್ತಿದ್ದು ಚಿಂತಾಮಣಿಯ ರಾಮಲಕ್ಷ್ಮಮ್ಮ ಎಂಬುವರು. ತೆಲುಗು ಬೆರೆತ ಮಾತು, ಹಿಂದೆ ಕುಕ್ಕರಿನ ಶಿಳ್ಳೆ ಕೇಳುತ್ತಿತ್ತು.

"ಪಂಕಜಾನಾ? ತಿಂದ್ಯಾ ತಲ್ಲೀ? ಆ ಮನೆ ನನಗ್ಗೊತ್ತು, ನಿಮ್ಮ ಖಲೀಮ್ ಸಾಬ್ರು ಹೇಳವ್ರೆ. ಹಸಿರು ಗೇಟು, ಒಳಗೆ ಕುಕ್ಕ ಇದೆ. ನೀನು ಗೇಟ್ ಹತ್ರಾನೇ ನಿಂತ್ಕೊಂಡು ಕೂಗು. ಒಳಗೆ ಮಾತ್ರ ಹೋಗ್ಬೇಡ, ಅದಕ್ಕೆ ಬೂದು ಬಣ್ಣ ಕಂಡ್ರೆ ಆಗಲ್ಲ."

ನಾಯಿ ನಿಜವಾಗಿಯೂ ಬೂದು ಚೀಲಕ್ಕೆ ಮಾತ್ರ ಬೊಗಳಿತು.

ನವೆಂಬರ್ 26, ಬುಧವಾರ

ಬೆಳಿಗ್ಗೆ ಆರೂವರೆಗೆ ಮಂಜು. ಕಂದವಾರ ಕೆರೆಯ ಏರಿಯ ಮೇಲೆ ಹತ್ತು ಮಾರು ಮುಂದಿನದು ಕಾಣಲಿಲ್ಲ. ಆಮೇಲೆ ಒಮ್ಮೆಗೇ ನಂದಿಬೆಟ್ಟದ ನೆತ್ತಿ ಮಾತ್ರ ಮೇಲೆದ್ದು ಬಂತು, ಕೆಳಗೆ ಏನೂ ಇಲ್ಲದೆ, ಯಾರೋ ಎತ್ತಿ ಹಿಡಿದ ಹಾಗೆ. ಈ ಊರಿಗೆ ಬಂದು ಹತ್ತೊಂಬತ್ತು ವರ್ಷ. ಹಿಮ ಬೀಳುವ ದೇಶಗಳ ಬೆಳಗನ್ನು ಕನ್ನಡದಲ್ಲಿ ಎಷ್ಟೋ ಸಲ ಓದಿದ್ದೇನೆ. ಈ ಬೆಟ್ಟ ಹೀಗೆ ನಿಲ್ಲುತ್ತದೆಂದು ಗೊತ್ತಿರಲಿಲ್ಲ. ಸ್ಕೂಟರ್ ನಿಲ್ಲಿಸಿದೆ. ಎರಡು ನಿಮಿಷ ತಡವಾಗಿ ತಲುಪಿದೆ; ಆ ಮನೆಯವರು ಇನ್ನೂ ಎದ್ದಿರಲಿಲ್ಲ.

ಮಂಜಿಗೆ ಹೆಲ್ಮೆಟ್ಟಿನ ಗಾಜು ಮಸುಕಾ‍ಗುತ್ತದೆ. ಅದಕ್ಕೆ ತೆರೆದೇ ಓಡಿಸುತ್ತೇನೆ.

ಸಂಜೆ ಪ್ರಶಾಂತನಗರ, ಎರಡನೇ ಮಹಡಿ. ಅಚ್ಯುತ್.

"ಮಿಸ್! ಅವತ್ತು ನೀವಲ್ಲ ಅಂದ್ರಲ್ಲ?"

"ಅವತ್ತು ನಾನಲ್ಲ."

ಅವನು ಯೋಚಿಸಿ, ಇದನ್ನು ಒಪ್ಪಿಕೊಂಡ. ಚೀಲದ ಪಕ್ಕದ ಜೇಬಿನ ಕಡೆ ಬಗ್ಗಿ ನೋಡಿದ. "ಯಾವ್ದು ಮಿಸ್ ಅದು? ಯಾವ ಭಾಷೇದು?"

ಕಾದಂಬರಿಯನ್ನು ನಿನ್ನೆ ಮುಗಿಸಿದ್ದೆ. ಕೊಟ್ಟೆ. ಅಭ್ಯಾಸಬಲದಿಂದ ಒಂದು ಚೀಟಿಯಲ್ಲಿ ಹೆಸರು, ತಾರೀಖು ಬರೆದು ಒಳಗಿಟ್ಟೆ. ಹದಿನಾಲ್ಕು ದಿನ, ಡಿಸೆಂಬರ್ 10ಕ್ಕೆ ವಾಪಸು, ಕೈಗೇ.

ಮೇಧಾಳಿಗೆ ಹೇಳಿದಾಗ ಅವಳು ದೋಸೆ ಮಗುಚುತ್ತಿದ್ದವಳು ತಿರುಗಿದಳು. "ಡಿಸೆಂಬರ್ ಹತ್ತಕ್ಕೆ ನೀನು ಗೌರಿಬಿದನೂರಲ್ಲಿ ಕೂತಿರ್ತೀಯಲ್ಲಮ್ಮ, ಯಾರ ಕೈಗೆ ಕೊಡ್ತಾನೆ?"

ತಾರೀಖು ಹಾಕುವಾಗ ಅದು ತಲೆಗೆ ಬಂದಿರಲಿಲ್ಲ.

ನವೆಂಬರ್ 29, ಶನಿವಾರ

ವಾರದ ಫಲ. ಆರು ದಿನ, ದೂರ ಕಡಿಮೆಯಾದ್ದರಿಂದ ದಿನಕ್ಕೆ ಇಪ್ಪತ್ತೈದರಷ್ಟು ಆರ್ಡರ್; ಖರ್ಚು ಕಳೆದು, ಹಸಿರಿನವರು ಮಧ್ಯಾಹ್ನದ ಗುರಿ ಮುಟ್ಟಿದರೆ ಕೊಡುವ ಹೆಚ್ಚುವರಿ ಸೇರಿ, ₹2,868. ದಿನಕ್ಕೆ ₹478. ತಿಂಗಳಿಗೆ ಇಪ್ಪತ್ತಾರು ದಿನವೆಂದರೆ ₹12,428.

ಗೌರಿಬಿದನೂರಿಗಿಂತ ₹1,072 ಕಡಿಮೆ. ಮಳೆಗಾಲದಲ್ಲಿ ಇನ್ನೂ ಕಡಿಮೆಯಾಗಬಹುದು. ಹೋಲಿಕೆ ಮುಗಿಯಿತು. ಉತ್ತರ ಸ್ಪಷ್ಟವಾಗಿದೆ.

ಜಗಲಿಯ ಮೇಲೆ ಖಲೀಮ್ ಭಾಯ್‌ಗೆ ಓದಿ ಹೇಳಿದೆ. ಅವರು ಬನ್ನು ಚಹಾದಲ್ಲಿ ಅದ್ದುತ್ತಿದ್ದರು.

"ಇದು ಸರಿ. ಆ ಗೌರಿಬಿದನೂರಿಂದೂ ಒಂದು ಹಿಡಿ ತೆಗೀರಿ."

"ಇನ್ನೂ ಸೇರಿಲ್ವಲ್ಲ ಭಾಯ್, ಎಲ್ಲಿಂದ ತೆಗೀಲಿ?"

"ನೋಡ್ಕೊಂಡು ಬಂದ್ರಲ್ಲ. ಒಂದು ದಿನ ಹೆಂಗಿರುತ್ತೆ ಅಂತ ಹೇಳಿ. ಬೆಳಿಗ್ಗೆಯಿಂದ."

ಹೇಳಿದೆ. ಏಳಕ್ಕೆ ಬಸ್ಸು. ಮೇಜು. ಬಂದವರ ಹೆಸರು ಬರೆಯುವ ರಿಜಿಸ್ಟರು. ಫೋನು ಬಂದರೆ ಒಳಗೆ ಕೊಡುವುದು. ಹನ್ನೊಂದಕ್ಕೆ ಚಹಾ. ಮತ್ತೆ ರಿಜಿಸ್ಟರು. ಬೆನ್ನ ಹಿಂದೆ ಬೀರು. ಐದಕ್ಕೆ ಬಸ್ಸು.

ಅವರು ತಲೆಯನ್ನು ಒಂದು ಪಕ್ಕಕ್ಕೆ ಬಾಗಿಸಿ ಕಾದರು. ನಾನೂ ಕಾದೆ.

"ಮುಗೀತಾ?"

"ಮುಗೀತು."

"ಅವತ್ತು ಬೂದು ಹತ್ತು ಓದೋಕೆ ಅರ್ಧ ಗಂಟೆ ತಗೊಂಡ್ರಿ ಮೇಡಂ. ಸೀಬೆಹಣ್ಣು, ಬುಟ್ಟಿ, ಆ ಮುದುಕರ ಉಪ್ಪಿಟ್ಟು. ನಾನು ಕೇಳಿದ್ದು ದಾರಿ ಒಂದೇ." ಚಹಾ ಮುಗಿಸಿ ಲೋಟ ಕೆಳಗಿಟ್ಟರು. "ಇದು ತೂಕ ಚೆನ್ನಾಗದೆ. ಇಲ್ಲ ಅನ್ನಲ್ಲ. ಸಾವಿರ ರೂಪಾಯಿ ಜಾಸ್ತೀನೇ ತೂಗ್ತದೆ. ಸದ್ದು ಮಾತ್ರ ಇಲ್ಲ."

ಅವರಿಗೆ ಆರ್ಡರ್ ಬಂತು. ಗೆಣ್ಣಿನಿಂದ ಒತ್ತಿ, ಫೋನನ್ನು ನನ್ನ ಮುಂದೆ ಹಿಡಿದರು. ಓದಿ ಹೇಳಿದೆ: "ಹುಷಾರಾಗಿ ಬನ್ನಿ, ಆತುರವಿಲ್ಲ ಅಂತ ಬರ್ದಿದಾರೆ."

"ಹಂಗೂ ಬರೀತಾರಾ?" ಎಂದರು. "ಎರಡು ವರ್ಷದಿಂದ ಯಾರ್ಯಾರು ಹಂಗೆ ಬರ್ದಿದ್ರೋ ಏನೋ."

ನವೆಂಬರ್ 30, ಭಾನುವಾರ

ಬೆಳಿಗ್ಗೆ ನೀಲಿಯನ್ನು ತೆರೆದೆ. ಕಾರಣ ಬರೆಯುವಂಥದ್ದೇನಿಲ್ಲ. ಪಾಲಿಹೌಸಿನ ಕಡೆಗೇ ಒಂದು ಆರ್ಡರ್ ಬಂತು, ಹೋದೆ. ಅದೇ ಹೆಂಗಸು. ಮೊಗ್ಗಿನ ಟೊಪ್ಪಿಗೆಗಳನ್ನು ಯಾರು ತೊಡಿಸುತ್ತಾರೆ ಎಂದು ಕೇಳಿದೆ. "ಇನ್ಯಾರಕ್ಕ, ನಾವೇ. ದಿನಕ್ಕೆ ಎರಡು ಸಾವ್ರ ಆಯ್ತದೆ, ಮಾತಾಡ್ಕೊಂಡು ಮಾಡಿದ್ರೆ," ಎಂದಳು. ಮಾತಾಡದಿದ್ದರೆ ಎಷ್ಟು ಎಂದು ಕೇಳಿದೆ. ನಕ್ಕು, "ಗೊತ್ತಿಲ್ಲ, ಸುಮ್ನೆ ಯಾವತ್ತೂ ಮಾಡಿಲ್ಲ," ಎಂದಳು. ವಾಪಸು ಬರುವಾಗ ಒಂಬತ್ತು ಕಿಲೋಮೀಟರ್ ಬರಿಗೈ.

ಮಧ್ಯಾಹ್ನ ಮೇಧಾಳೊಂದಿಗೆ ಕುಳಿತು ₹1,072 ಎಲ್ಲಿಂದ ಬರಬಹುದೆಂದು ನೋಡಿದೆ. ಕೇಬಲ್ ಟಿವಿ ತೆಗೆಸುವುದು ಅವಳ ಸಲಹೆ. ಪುಸ್ತಕ ಕೊಳ್ಳುವುದನ್ನು ಎರಡು ತಿಂಗಳಿಗೊಂದು ಮಾಡುವುದು ನನ್ನದು. ಅವಳು ಅದನ್ನು ಹೊಡೆದುಹಾಕಿ, ಬದಲಿಗೆ ತನ್ನ ಫೋನಿನ ಡೇಟಾ ಎಂದು ಬರೆದಳು, ಆಮೇಲೆ ಅದನ್ನೂ ಹೊಡೆದುಹಾಕಿದಳು. ಇನ್ನೊಂದೆರಡು ಚಿಕ್ಕ ಖರ್ಚು ಸೇರಿ ಸದ್ಯ ₹640 ಆಗಿದೆ. ಉಳಿದದ್ದು ನೋಡಬೇಕು.

ಅವಳ ಮೇಜಿನ ಮೇಲೆ ಎರಡು ಗೂಡುಗಳಿವೆ. ಹಾದು ಹೋಗುವಾಗ ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದೆ. ಮಾತನಾಡುವುದೇ ಸಿಕ್ಕಿತು.

ತೀರ್ಮಾನ: ಗೌರಿಬಿದನೂರಿಗೆ ಹೋಗುವುದಿಲ್ಲ. ಬೂದು, ಹಸಿರು ವಾರವಿಡೀ. ನೀಲಿ ಭಾನುವಾರ ಬೆಳಿಗ್ಗೆ ಮಾತ್ರ, ಲೆಕ್ಕಕ್ಕೆ ಹಿಡಿಯದೆ. ರಮೇಶ್‌ಬಾಬು ಅವರಿಗೆ ಧನ್ಯವಾದ ಹೇಳಬೇಕು, ಬೀರುವಿನಲ್ಲಿ ಎರಡನೆಯ ಸಂಪುಟ ಮೊದಲನೆಯದರ ಎಡಕ್ಕಿದೆ ಎಂಬುದನ್ನೂ ಹೇಳಬೇಕು. ಯಾರಾದರೂ ಕೀ ಹುಡುಕಿ ಸರಿಮಾಡಲಿ.

ಶಾಲೆಯ ಕಚೇರಿ ತೆರೆಯುವುದು ನಾಳೆ ಹತ್ತಕ್ಕೆ. ಆ ಹೊತ್ತಿಗೆ ನನ್ನ ಕೈಯಲ್ಲಿ ಆರ್ಡರ್ ಇಲ್ಲದಿದ್ದರೆ ಫೋನ್ ಮಾಡುತ್ತೇನೆ. ಇದ್ದರೆ, ಅದನ್ನು ಕೊಟ್ಟು ಬಂದು.